ಕಲಾವಿದರು ನುಡಿಸಿದ ಬೇಸ್ ಗಿಟಾರ್ ಕೊಳ್ಳುವ ಮುನ್ನ ಅದರ ನೆಕ್ ಬಿಚ್ಚಿಸಿ ನೋಡಿ

ಹಿಂದಿ ಚಿತ್ರಗೀತೆಗಳ ಧ್ವನಿಮುದ್ರಣಗಳಲ್ಲಿ ವರ್ಷಾನುಗಟ್ಟಲೆ ಬೇಸ್ ನುಡಿಸಿದ ಹಿರಿಯ ಕಲಾವಿದರೊಬ್ಬರು 1994ರಲ್ಲಿ ವಿದೇಶದ ಸಣ್ಣ ಕಾರ್ಯಾಗಾರವೊಂದರಲ್ಲಿ ಹೇಳಿ ಮಾಡಿಸಿಕೊಂಡಿದ್ದ ನಾಲ್ಕು ತಂತಿಯ ಬೇಸ್ ಗಿಟಾರನ್ನು ಕಳೆದ ವರ್ಷ ಮುಂಬೈಯ ವ್ಯಕ್ತಿಯೊಬ್ಬರಿಂದ 2 ಲಕ್ಷ 40 ಸಾವಿರ ರೂಪಾಯಿ ಕೊಟ್ಟು ಕೊಂಡೆ. ನನ್ನ ಕೈಗೆ ಬಂದದ್ದು ಆ ಗಿಟಾರಿನ ಅರ್ಧ ಮಾತ್ರ ಎಂಬುದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಇಂಥ ವಾದ್ಯಕ್ಕಾಗಿ ಹಣ ಕೂಡಿಡುತ್ತಿರುವವರು ಬೆಂಗಳೂರಿನಲ್ಲೇ ಹಲವರಿದ್ದಾರೆ. ಅವರಿಗೂ ಹೀಗಾಗಬಾರದೆಂದು ಬರೆಯುತ್ತಿದ್ದೇನೆ.

ವಿಚಾರಿಸದೆ ಕೊಂಡೆ ಎಂದು ಯಾರೂ ಭಾವಿಸಬಾರದು. ವಾಲ್ಯೂಮ್ ಮತ್ತು ಟೋನ್ ತಿರುಪುಗಳ ಕೆಳಗಿರುವ ಪಾಟ್‌ಗಳ (ಸದ್ದನ್ನು ಹೆಚ್ಚುಕಡಿಮೆ ಮಾಡುವ ವಿದ್ಯುತ್ ಬಿಡಿಭಾಗಗಳ) ಬೆನ್ನಿನ ಮೇಲೆ ಅಚ್ಚಾಗಿರುವ ಅಂಕಿಗಳ ಫೋಟೊ ಕಳಿಸಿರೆಂದು ನಾನೇ ಕೇಳಿದ್ದೆ. 137 ಎಂದಿದ್ದರೆ ಅದು ಸಿ.ಟಿ.ಎಸ್. ಕಂಪನಿಯ ತಯಾರಿಕೆ, ಅದರ ಮುಂದಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವರ್ಷವನ್ನೂ ಕೊನೆಯೆರಡು ವಾರವನ್ನೂ ಸೂಚಿಸುತ್ತವೆ. ಕಳಿಸಿದ ಫೋಟೊದಲ್ಲಿ 1379412 ಎಂದಿತ್ತು, ಅಂದರೆ 1994ರ ಹನ್ನೆರಡನೆಯ ವಾರ. ಆ ಕಲಾವಿದರು ವೇದಿಕೆಯ ಮೇಲೆ ಅದೇ ಗಿಟಾರನ್ನು ಹಿಡಿದಿರುವ ಹಳೆಯ ಬಣ್ಣದ ಚಿತ್ರವೂ ಜೊತೆಗಿತ್ತು. ಬಾಡಿಯ ಅಂಚಿನಲ್ಲಿ ಬಣ್ಣ ಎದ್ದುಹೋದ ಕಲೆ ಆ ಚಿತ್ರದಲ್ಲಿ ಇದ್ದಂತೆಯೇ ನನಗೆ ಬಂದ ಗಿಟಾರಿನಲ್ಲೂ ಇತ್ತು. ಅಷ್ಟಕ್ಕೇ ನನ್ನ ಅನುಮಾನವೆಲ್ಲ ನೀಗಿತು, ಮುಂದಕ್ಕೆ ಕೆದಕಲಿಲ್ಲ. ಚಿತ್ರದಲ್ಲಿ ಫಿಂಗರ್‌ಬೋರ್ಡ್ (ನೆಕ್ ಎಂಬ ಉದ್ದನೆಯ ಹಿಡಿಯ ಮೇಲೆ ಬೆರಳೊತ್ತುವ ಮರದ ಪಟ್ಟಿ) ಕಪ್ಪಗಿದ್ದು, ನನ್ನದರಲ್ಲಿ ಕಂದುಬಣ್ಣಕ್ಕಿದ್ದುದನ್ನು ಕಂಡೂ ವೇದಿಕೆಯ ಬೆಳಕಿನಿಂದ ಹಾಗೆ ಕಾಣುತ್ತಿರಬೇಕೆಂದು ಸುಮ್ಮನಾದೆ.

ಮೊದಲ ತೊಂದರೆ ಶ್ರುತಿಯದು. ತಂತಿಯನ್ನು ಹನ್ನೆರಡನೆಯ ಫ್ರೆಟ್‌ನಲ್ಲಿ (ಫಿಂಗರ್‌ಬೋರ್ಡಿನ ಮೇಲಿನ ಅಡ್ಡ ಲೋಹದ ಪಟ್ಟಿಯಲ್ಲಿ) ಒತ್ತಿ ನುಡಿಸಿದಾಗ ಬರುವ ಸ್ವರವೂ ಅದೇ ಜಾಗದಲ್ಲಿ ಬೆರಳನ್ನು ಸೋಕಿಸಿದಷ್ಟಕ್ಕೇ ಹೊಮ್ಮುವ ಹಾರ್ಮೋನಿಕ್ ಸ್ವರವೂ ಒಂದೇ ಆಗಿರಬೇಕು. ನನ್ನದರಲ್ಲಿ ಒತ್ತಿದ ಸ್ವರ ಸದಾ ಮೇಲಿರುತ್ತಿತ್ತು. ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು (ಪುಟ್ಟ ಆಧಾರಗಳನ್ನು) ಹಿಂದಕ್ಕೆ ಸರಿಸುತ್ತ ಹೋದೆ, ಸ್ಕ್ರೂ ಮುಗಿಯಿತೇ ಹೊರತು ಶ್ರುತಿ ಕೂಡಲಿಲ್ಲ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ., ಸಂದಿಯಿದ್ದರೆ ಸಾಕು. ಇಲ್ಲಿ ನಾಲ್ಕು ಕಾರ್ಡ್‌ಗಳು ಒಟ್ಟಿಗೆ ತೂರುತ್ತಿದ್ದವು, ಅಂದರೆ ನೆಕ್ ಅಷ್ಟು ಬಾಗಿತ್ತು. ಆ ಬಾಗನ್ನು ಸರಿಪಡಿಸಲು ನೆಕ್‌ನೊಳಗಿರುವ ಲೋಹದ ಸರಳಾದ ಟ್ರಸ್ ರಾಡ್ ಅನ್ನು ಬಿಗಿಯಲು ಒಂದು ಸುತ್ತೂ ಉಳಿದಿರಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಹಿಂಬದಿಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ನೆಕ್ ಅನ್ನು ಕೈಗೆತ್ತಿಕೊಂಡು, ಅದರ ಬುಡವನ್ನು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿ ಹಿಡಿದು, "ನೋಡಿ ಸಾರ್, ಇದು ಈ ಬಾಡಿಯ ಜೊತೆ ಹುಟ್ಟಿದ ನೆಕ್ ಅಲ್ಲ" ಎಂದರು. ಸ್ಕ್ರೂ ಕೂರುವ ನಾಲ್ಕು ತೂತುಗಳ ಪಕ್ಕದಲ್ಲೇ ಇನ್ನೂ ನಾಲ್ಕು ಹಳೆಯ ತೂತುಗಳಿದ್ದವು; ಅವುಗಳಿಗೆ ಬಿದಿರಿನ ಕಡ್ಡಿ ತುಂಬಿ, ಅಂಟು ಹಾಕಿ, ಉಜ್ಜಿ ಮಟ್ಟ ಮಾಡಲಾಗಿತ್ತು. ಬಾಡಿಯ ಗುಳಿಯಲ್ಲಿ ಪೆನ್ಸಿಲಿನಿಂದ ಬರೆದ ತಾರೀಕು ಮತ್ತು ತಯಾರಕರ ಸಹಿ ಇದ್ದರೆ ನೆಕ್‌ನ ಬುಡದಲ್ಲಿ ಏನೂ ಇರಲಿಲ್ಲ. ಕ್ರಮಸಂಖ್ಯೆ ಕೊಟ್ಟು ಕಾರ್ಯಾಗಾರಕ್ಕೆ ಪತ್ರ ಬರೆದೆ. ಅವರ ಆರ್ಡರ್ ಪುಸ್ತಕದ ಪ್ರಕಾರ ಆ ಕಲಾವಿದರಿಗೆ ಮಾಡಿಕೊಟ್ಟದ್ದು ಎಬೊನಿ ಎಂಬ ಕಪ್ಪು ಮರದ ಫಿಂಗರ್‌ಬೋರ್ಡಿನ, ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಬಳಿ 40 ಮಿ.ಮೀ. ಅಗಲದ ನೆಕ್. ನನ್ನ ಬಳಿಯಿರುವುದು 38 ಮಿ.ಮೀ. ಅಗಲದ, ಕಂದುಬಣ್ಣದ ರೋಸ್‌ವುಡ್ ಮರದ್ದು.

ಇದು ನನ್ನನ್ನು ಇಷ್ಟೊಂದು ನೋಯಿಸಿದ್ದೇಕೆಂದು ಬೇಸ್ ನುಡಿಸುವವರಿಗೆ ಹೇಳಬೇಕಿಲ್ಲ. ಕಲಾವಿದನೊಬ್ಬ ಇಪ್ಪತ್ತು ವರ್ಷ ನುಡಿಸಿದ ವಾದ್ಯದಲ್ಲಿ ಅವನ ಗುರುತು ಉಳಿಯುವುದು ನೆಕ್‌ನಲ್ಲೇ: ಹೆಬ್ಬೆರಳು ಉಜ್ಜಿ ನುಣುಪಾದ ಜಾಗದಲ್ಲಿ, ತಂತಿ ಒತ್ತಿ ಒತ್ತಿ ಸವೆದ ಫ್ರೆಟ್‌ಗಳಲ್ಲಿ. ಅಮೆರಿಕದ ಹೆಸರಾಂತ ಬೇಸ್ ವಾದಕ ಜ್ಯಾಕೋ ಪಾಸ್ಟೋರಿಯಸ್ ಅವರ, ಫೆಂಡರ್ ಕಂಪನಿಯ 1962ರ ಜ್ಯಾಝ್ ಬೇಸ್ ಅನ್ನೇ ನೋಡಿ. ಅದರ ಫ್ರೆಟ್ ಇಲ್ಲದ ಫಿಂಗರ್‌ಬೋರ್ಡ್‌ಗೆ ಅವರು ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಲೇಪಿಸಿದ್ದರು. ಅವರ ಹಾಡುವಂಥ ನಾದಕ್ಕೂ ಆ ಲೇಪಕ್ಕೂ ನಂಟಿತ್ತು. 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಳುವಾಗಿ ಇಪ್ಪತ್ತು ವರ್ಷಗಳ ಮೇಲೆ ಪತ್ತೆಯಾದ ಆ ವಾದ್ಯಕ್ಕೆ ಬೇರೆ ನೆಕ್ ಕೂರಿಸಿದ್ದರೆ ಅದನ್ನು ಜ್ಯಾಕೋ ಅವರ ಬೇಸ್ ಎಂದು ಹೇಗೆ ಕರೆಯುವುದು? ಫೆಂಡರ್ ತನ್ನ ಬೇಸ್ ಗಿಟಾರುಗಳಲ್ಲಿ 1951ರಿಂದ ಮಾಡಿಕೊಂಡು ಬಂದ ಸ್ಕ್ರೂ ಜೋಡಣೆಯ ಅನುಕೂಲವೇ ನೆಕ್ ಅನ್ನು ಸುಲಭವಾಗಿ ಬದಲಿಸಬಹುದೆಂಬುದು. ನನಗೆ ಮೋಸವಾದದ್ದೂ ಅದೇ ಅನುಕೂಲದಿಂದ.

ಮಾರಿದವರನ್ನು ಕೇಳಿದಾಗ "ಅವರು ನುಡಿಸಿದ ಗಿಟಾರ್ ಎಂದಿದ್ದೆ, ಅದು ಸುಳ್ಳಲ್ಲವಲ್ಲ" ಎಂದು ಫೋನ್ ಇಟ್ಟರು. ವಕೀಲರನ್ನೂ ಕಂಡೆ. ವರ್ಣನೆಯ ಮೇಲೆ ಮಾರಿದ ವಸ್ತು ಆ ವರ್ಣನೆಗೆ ಹೊಂದಿರಲೇಬೇಕೆಂದು 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಆದರೆ ನಮ್ಮಿಬ್ಬರ ಮೆಸೇಜುಗಳಲ್ಲಿ ನೆಕ್‌ನ ಮಾತೇ ಬಂದಿಲ್ಲವಾದ್ದರಿಂದ ಗೆಲ್ಲುವುದು ಕಷ್ಟ ಎಂದರು. ಆದ್ದರಿಂದ ಹಣ ಕಳಿಸುವ ಮೊದಲು ನೆಕ್, ಬಾಡಿ, ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ), ಬ್ರಿಡ್ಜ್ ಒಂದೊಂದರ ಹೆಸರು ಹಿಡಿದು "ಇದು ಮೂಲದ್ದೇ?" ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನೆಕ್ ಬಿಚ್ಚಿದ ಬುಡದ ಫೋಟೊ ಕೇಳಿ. ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ. ತಯಾರಕರಿಗೆ ನಾನು ಕೊಂಡ ಮೇಲೆ ಬರೆದೆ, ನೀವು ಮೊದಲೇ ಬರೆಯಿರಿ. ನನಗೆ ಉತ್ತರ ಬರಲು ಹಿಡಿದದ್ದು ಐದೇ ದಿನ.

ಗಿಟಾರ್ ಇನ್ನೂ ನನ್ನ ಬಳಿಯೇ ಇದೆ. ನೆಕ್ ಈ ಬಾಡಿಯದಲ್ಲವೆಂದು ತಾರೀಕು ಹಾಕಿ ಬರೆದ ಚೀಟಿಯನ್ನೂ ಕಾರ್ಯಾಗಾರದ ಪತ್ರದ ಪ್ರತಿಯನ್ನೂ ಕೇಸ್‌ನೊಳಗೆ ಇಟ್ಟಿದ್ದೇನೆ.