ಹೊಸ ಮನೆಗೆ ಸ್ಪ್ರಿಂಕ್ಲರ್: ಕೆಲಸ ಅಚ್ಚುಕಟ್ಟು, ಒತ್ತಡದ ಲೆಕ್ಕ ತಪ್ಪು

ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ಕಳೆದ ವರ್ಷ ನಾವು ಕಟ್ಟಿಸಿದ ಎರಡಂತಸ್ತಿನ ಮನೆಗೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಹಾಕಿಸುತ್ತೇವೆಂದಾಗ, ಇದೇನು ಲಾಡ್ಜೋ ಆಸ್ಪತ್ರೆಯೋ ಎಂದು ಗಾರೆ ಮೇಸ್ತ್ರಿಯೇ ಕೇಳಿದರು. ಮಹಡಿಗೆ ಹಳೆಯ ಮನೆಯ ತೊಲೆಗಳನ್ನೇ ಬಳಸಿದ್ದೇವೆ, ಬಚ್ಚಲೊಲೆಯ ಸೌದೆ ಗೋಡೆಯಾಚೆಗೇ ಇರುತ್ತದೆ. ಪೇಟೆಯಿಂದ ಅಗ್ನಿಶಾಮಕ ವಾಹನ ಈ ತಿರುವುಗಳನ್ನು ದಾಟಿ ಬರುವಷ್ಟರಲ್ಲಿ ಮರದ ಮಹಡಿ ಉಳಿಯಲಾರದು.

ಪೈಪು ಎಳೆಯುವ ಕೆಲಸವನ್ನು ಗುತ್ತಿಗೆದಾರರು ಸೀಲಿಂಗ್ ಮುಚ್ಚುವ ಮೊದಲೇ ಅಚ್ಚುಕಟ್ಟಾಗಿ ಮುಗಿಸಿದರು, ಒಂದು ಜೋಡಣೆಯೂ ಸೋರಲಿಲ್ಲ. ಖರ್ಚು ಅಡುಗೆಮನೆಯ ಕಪಾಟುಗಳಿಗೆ ಕೊಟ್ಟಷ್ಟೂ ಆಗಲಿಲ್ಲ. ಪ್ರತಿ ಸ್ಪ್ರಿಂಕ್ಲರ್‌ನ ನಡುವೆ ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಗಾಜಿನ ಕೊಳವೆಯಿದ್ದು, ಅದರೊಳಗಿನ ಕೆಂಪು ದ್ರವ 68 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಗಾಜು ಒಡೆದು ನೀರು ಬಿಡುತ್ತದೆ. ಒಗ್ಗರಣೆಯ ಹೊಗೆಗೆ ಇದು ತೆರೆದುಕೊಳ್ಳುವುದಿಲ್ಲ. ಒಂದು ಒಡೆದರೆ ಮನೆಯಿಡೀ ನೀರು ಸುರಿಯುತ್ತದೆ ಎಂಬುದೂ ತಪ್ಪು, ಶಾಖ ತಗುಲಿದ್ದು ಮಾತ್ರ ತೆರೆಯುತ್ತದೆ.

ತೊಂದರೆಯಾದದ್ದು ನೀರಿನ ಒತ್ತಡದಲ್ಲಿ. ತಾರಸಿಯ ಟ್ಯಾಂಕೇ ಸಾಕೆಂದು ಅವರು ಖಚಿತವಾಗಿ ಹೇಳಿದ್ದರು. ಆದರೆ 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡ; ಸ್ಪ್ರಿಂಕ್ಲರ್‌ನ ಬಾಯಲ್ಲಿ ಕನಿಷ್ಠ ಅರ್ಧ ಬಾರ್ ಬೇಕು, ನಮ್ಮ ಟ್ಯಾಂಕೋ ಮಹಡಿಯ ಸೀಲಿಂಗಿನಿಂದ ಎರಡೂವರೆ ಮೀಟರ್ ಮೇಲಷ್ಟೇ ಇತ್ತು. ಪೈಪಿನ ತುದಿಯಲ್ಲಿರುವ ಪರೀಕ್ಷಾ ವಾಲ್ವ್ ತೆರೆಸಿ 20 ಲೀಟರಿನ ಕ್ಯಾನ್ ಹಿಡಿದರೆ ಒಂದು ನಿಮಿಷ ಕಳೆದರೂ ತುಂಬಲಿಲ್ಲ. ಪಂಪ್ ಕೂರಿಸೋಣವೆಂದರು, ಆದರೆ ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುವುದೆಂದು ಹೇಳಲಾಗದು. ಕೊನೆಗೆ ಮನೆಯ ಹಿಂದಿನ ತೋಟದ ಏರಿನಲ್ಲಿ, ಸುಮಾರು 20 ಮೀಟರ್ ಮೇಲೆ, ಈ ಕೆಲಸಕ್ಕೆಂದೇ ಬೇರೆ ಟ್ಯಾಂಕ್ ಇಡಿಸಿದೆವು. ಈಗ ಅದೇ ಕ್ಯಾನ್ 20 ಸೆಕೆಂಡಿನೊಳಗೆ ತುಂಬುತ್ತದೆ, ಕರೆಂಟಿನ ಹಂಗಿಲ್ಲ.

ಇನ್ನೊಂದು ವಿಷಯವನ್ನು ಅವರು ಮೊದಲೇ ಎಚ್ಚರಿಸಬೇಕಿತ್ತು. ಪೇಂಟರ್ ಮೂರು ಸ್ಪ್ರಿಂಕ್ಲರ್‌ಗಳ ಮೇಲೆ ಬಿಳಿ ಬಣ್ಣ ಎಳೆದುಬಿಟ್ಟಿದ್ದ. ಬಣ್ಣ ಕೂತರೆ ಅವು ಸಮಯಕ್ಕೆ ತೆರೆಯುವ ಭರವಸೆಯಿಲ್ಲ, ಒರೆಸಿ ಸರಿಪಡಿಸುವಂತೆಯೂ ಇಲ್ಲ, ಹೊಸದನ್ನೇ ಹಾಕಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ 2011ರಿಂದ, ವೇಲ್ಸ್‌ನಲ್ಲಿ 2016ರಿಂದ ಹೊಸ ಮನೆಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯವಾಗಿದೆ. ನಮ್ಮಲ್ಲಿ ನಮ್ಮಂಥ ಚಿಕ್ಕ ಮನೆಗಳಿಗೆ ಆ ಕಟ್ಟುಪಾಡಿಲ್ಲ, ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಸೀಲಿಂಗಿನಲ್ಲಿ ಸ್ಪ್ರಿಂಕ್ಲರ್ ಕಂಡರೆ ಸಾಕೆಂದು ಒಪ್ಪಿಗೆ ಕೊಡದೆ, ಮನೆಯ ತುತ್ತತುದಿಯ ವಾಲ್ವ್‌ನಲ್ಲಿ ನೀರು ಅಳೆದ ಮೇಲೆಯೇ ಕೊಡುವಂತಿರಬೇಕು. ಈ ಗುತ್ತಿಗೆದಾರರ ಪೈಪಿನ ಕೆಲಸವನ್ನು ನೆಚ್ಚಬಹುದು, ಒತ್ತಡದ ಲೆಕ್ಕವನ್ನು ಮಾತ್ರ ಬರವಣಿಗೆಯಲ್ಲಿ ಪಡೆದು, ಕ್ಯಾನ್ ತುಂಬುವ ತನಕ ಕೊನೆಯ ಕಂತನ್ನು ಕೊಡಬೇಡಿ.