ಪಿನಿಯನ್ ಪ್ರೀಲೋಡ್‌ಗೆ ಕ್ರಶ್ ಸ್ಲೀವಾ, ಶಿಮ್ಮಾ? ಎರಡೂ ಹಾಕಿ ನೋಡಿದ್ದು

ನಮ್ಮ ಮಡಿಕೇರಿ ಕಡೆ ಜೀಪಿನ ಡಿಫರೆನ್ಷಿಯಲ್ ಬಿಚ್ಚಿದಾಗೆಲ್ಲ ಈ ಪ್ರಶ್ನೆ ಬರುತ್ತೆ. ಪಿನಿಯನ್ ಅಂದ್ರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಕ್ರೌನ್ ಗೇರನ್ನ ತಿರುಗಿಸೋ ಸಣ್ಣ ಗೇರ್, ಅದರ ಎರಡು ಬೇರಿಂಗ್ ಮೇಲೆ ಮೊದಲೇ ಕೊಡೋ ಬಿಗಿತವೇ ಪ್ರೀಲೋಡ್. ಎರಡು ಬೇರಿಂಗ್ ನಡುವೆ ನಟ್ ಬಿಗಿದಾಗ ಕುಗ್ಗೋ ಕೊಳವೆ ಹಾಕಿದ್ರೆ ಅದು ಕ್ರಶ್ ಸ್ಲೀವ್, ಕುಗ್ಗದ ಗಟ್ಟಿ ಕೊಳವೆ ಹಾಕಿದ್ರೆ ಸಾಲಿಡ್ ಸ್ಪೇಸರ್, ಅದರ ಜೊತೆ ಅಂತರ ಹೊಂದಿಸೋಕೆ ಇಡೋ ತೆಳು ಬಿಲ್ಲೆಗಳೇ ಶಿಮ್. ಎರಡೂ ಥರ ಕಟ್ಟಿ ಓಡಿಸಿ ನೋಡಿದೀನಿ, ಮಾಂದಲಪಟ್ಟಿ ಹತ್ತೋ ಗಾಡಿ ಆದ್ರೆ ಸಾಲಿಡ್ ಸ್ಪೇಸರ್ ಜೊತೆ ಶಿಮ್ಮೇ ಹಾಕಿ ಅಂತೀನಿ.

ಕ್ರಶ್ ಸ್ಲೀವ್‌ದು ಕೆಲಸ ಬೇಗ ಮುಗಿಯುತ್ತೆ, ನಿಜ. ಆದ್ರೆ ಎಷ್ಟೋ ಆಕ್ಸಲ್‌ಗಳಲ್ಲಿ 300 ನ್ಯೂಟನ್ ಮೀಟರ್ ದಾಟೋವರೆಗೂ ಅದು ಕುಗ್ಗೋದೇ ಇಲ್ಲ, ಫ್ಲೇಂಜ್‌ಗೆ (ಪಿನಿಯನ್ ತುದೀಲಿ ಪ್ರೊಪೆಲ್ಲರ್ ಶಾಫ್ಟ್ ಕೂರೋ ತಟ್ಟೆ) ಕಬ್ಬಿಣದ ಪಟ್ಟಿ ಬಿಗಿದು ಒಬ್ರು ಹಿಡ್ಕೊಂಡು ಇನ್ನೊಬ್ರು ಉದ್ದ ಪೈಪ್ ಹಾಕಿ ಎಳೀಬೇಕು, ಬೇರಿಂಗ್‌ನ ಪ್ಲೇ (ಸಡಿಲ) ಹೋಗಿದ್ದೇ ತಡ ಪ್ರೀಲೋಡ್ ಸರಸರ ಏರುತ್ತೆ, ಆಮೇಲೆ ನಟ್ ಒಂಚೂರು ತಿರುಗಿಸೋದು ಅಳೆಯೋದು, ಮತ್ತೆ ಒಂಚೂರು. ಜಾಸ್ತಿ ಆಯ್ತು ಅಂತ ನಟ್ ಸಡಿಲ ಮಾಡೋ ಹಾಗಿಲ್ಲ, ಕುಗ್ಗಿದ ಸ್ಲೀವ್ ವಾಪಸ್ ಬರಲ್ಲ, ಹೊಸದೇ ಹಾಕ್ಬೇಕು.

ಶಿಮ್‌ಗೆ ತಾಳ್ಮೆ ಬೇಕು. ನಟ್ ಪೂರ್ತಿ ಟಾರ್ಕ್‌ಗೆ ಬಿಗಿದು ಅಳೆಯಿರಿ, ಟೈಟ್ ಇದ್ರೆ ಶಿಮ್ ಸೇರಿಸಿ, ಲೂಸ್ ಇದ್ರೆ ತೆಗೀರಿ (ಇದನ್ನ ಉಲ್ಟಾ ಮಾಡೋರೇ ಜಾಸ್ತಿ). ಅದಕ್ಕೆ ಪ್ರತಿ ಸಲ ಫ್ಲೇಂಜ್, ಮುಂದಿನ ಬೇರಿಂಗ್ ಎರಡೂ ಹೊರಗೆ ಬರಬೇಕು, ಹಾಗಾಗಿ ಆಯಿಲ್ ಸೀಲ್ ಕೊನೇಲಿ ಹಾಕಿ.

ಅಳತೆ ಎರಡಕ್ಕೂ ಒಂದೇ, ಪಿನಿಯನ್ ತಿರುಗಿಸೋಕೆ ಎಷ್ಟು ಟಾರ್ಕ್ ಬೇಕು ಅನ್ನೋದು. ಕ್ರೌನ್ ಇನ್ನೂ ಕೂರಿಸಿರಬಾರದು, ಬೇರಿಂಗ್‌ಗೆ ಆಯಿಲ್ ಹಾಕಿ ಹತ್ತಾರು ಸುತ್ತು ತಿರುಗಿಸಿ ರೋಲರ್ ಸರಿಯಾಗಿ ಕೂತ ಮೇಲೆ ನೋಡಿ. ಸಣ್ಣ ಟಾರ್ಕ್ ರೆಂಚ್ ಇಲ್ಲಾಂದ್ರೆ ಫ್ಲೇಂಜ್‌ಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೀರಿ. ದಾರ ಕೂತ ಜಾಗ ನಡುವಿಂದ 5 ಸೆಂಮೀ ಇದ್ದು ತಕ್ಕಡಿ 4 ಕೆಜಿ ತೋರಿಸಿದ್ರೆ 20 ಕೆಜಿ-ಸೆಂಮೀ ಆಯ್ತು. ಮೊದಲ ಜಗ್ಗಿಗೆ ಬರೋ ಅಂಕೆ ಬಿಡಿ, ಒಂದೇ ಸಮ ತಿರುಗ್ತಾ ಇರುವಾಗಿಂದು ತಗೊಳ್ಳಿ. ಹೊಸ ಬೇರಿಂಗ್‌ಗೂ ಓಡಿದ ಬೇರಿಂಗ್‌ಗೂ ಲೆಕ್ಕ ಬೇರೆ, ಓಡಿದ್ದಕ್ಕೆ ಕಮ್ಮಿ, ನಿಮ್ಮ ಗಾಡಿ ಮ್ಯಾನ್ಯುವಲ್ ನೋಡಿಯೇ ಇಡಿ. ಕೈಯಲ್ಲಿ ತಿರುಗಿಸಿ ಸಾಕು ಅನ್ನೋ ಅಂದಾಜು ಬೇಡವೇ ಬೇಡ, ಲೂಸ್ ಆದ್ರೆ ಪಿನಿಯನ್ ಆಡಿ ಹಲ್ಲು ತಿನ್ನುತ್ತೆ, ಟೈಟ್ ಆದ್ರೆ ಬೇರಿಂಗ್ ಸುಟ್ಟು ನೀಲಿ ಆಗುತ್ತೆ.

ಕಲ್ಲುದಾರೀಲಿ ಚಕ್ರ ಗಾಳೀಲಿ ತಿರುಗಿ ಧಡ್ ಅಂತ ಹಿಡಿತ ಸಿಕ್ಕಾಗ ಪೆಟ್ಟು ಬೀಳೋದು ಪಿನಿಯನ್‌ಗೆ, ಅಂಥ ಪೆಟ್ಟಿಗೆ ಸ್ಲೀವ್ ಇನ್ನಷ್ಟು ಕುಗ್ಗಿ ಪ್ರೀಲೋಡ್ ಹೋಗಬಹುದು, ಗಟ್ಟಿ ಸ್ಪೇಸರ್ ಕುಗ್ಗಲ್ಲ. ಇನ್ನೊಂದು, ಮಳೆಗಾಲದ ಕೆಸರಿಗೆ ಇಲ್ಲಿ ಸೀಲ್ ಹೋಗ್ತಾನೇ ಇರುತ್ತೆ. ಶಿಮ್ ಇದ್ರೆ ನಟ್ ಬಿಚ್ಚಿ ಸೀಲ್ ಬದಲಾಯಿಸಿ ಅದೇ ಟಾರ್ಕ್‌ಗೆ ಬಿಗಿದ್ರೆ ಮುಗೀತು. ಕುಶಾಲನಗರ-ಮೈಸೂರು ಟಾರ್ ರೋಡಲ್ಲೇ ಓಡೋ ಪಿಕಪ್‌ಗೆ ಸ್ಲೀವೇ ಸಾಕು, ಎರಡು ಸ್ಲೀವ್ ತಂದಿಟ್ಕೊಂಡು ಕೆಲಸ ಶುರು ಮಾಡಿ.