ಐದು ಕಾನ್ವೆಂಟುಗಳಿಗೆ ಬರೆದ ಪತ್ರ ಮತ್ತು ಬಂದ ಉತ್ತರಗಳು

ಕಳೆದ ಆಗಸ್ಟಿನಲ್ಲಿ ನಾನು ಐದು ಧಾರ್ಮಿಕ ಸಭೆಗಳಿಗೆ, ಅಂದರೆ ಕಥೋಲಿಕ ಸನ್ಯಾಸಿನಿಯರ ಸಂಘಗಳಿಗೆ, ಒಂದೇ ಒಕ್ಕಣೆಯ ಪತ್ರವನ್ನು ಕನ್ನಡದಲ್ಲಿ ಬರೆದು ಕಳುಹಿಸಿದೆ. ನನಗೆ 29 ವರ್ಷ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ಮನೆಯಲ್ಲಿ ಅಮ್ಮ ಮತ್ತು ತಂಗಿ ಇದ್ದಾರೆ, ಕೆಲವು ವರ್ಷಗಳಿಂದ ಸನ್ಯಾಸ ಜೀವನದ ಕಡೆಗೆ ಮನಸ್ಸು ಎಳೆಯುತ್ತಿದೆ, ಇದು ದೈವಕರೆಯೋ ಬರೀ ಆಯಾಸವೋ ತಿಳಿಯುತ್ತಿಲ್ಲ, ಮಾರ್ಗದರ್ಶನ ಬೇಕು ಎಂಬುದು ಪತ್ರದ ಸಾರ. ಹೋಟೆಲನ್ನೋ ಮಿಕ್ಸಿಯನ್ನೋ ಅಳೆಯುವಂತೆ ಕಾನ್ವೆಂಟನ್ನು ಅಳೆಯುವುದೇ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಅಳೆಯುತ್ತಿರುವುದು ಅವರ ಪ್ರಾರ್ಥನೆಯನ್ನಲ್ಲ, ವಿಚಾರಿಸಲು ಬಂದವಳನ್ನು ಅವರು ನಡೆಸಿಕೊಂಡ ರೀತಿಯನ್ನು. ಜೀವಮಾನದ ನಿರ್ಧಾರವೊಂದು ಆ ಮೊದಲ ಪತ್ರದ ಮೇಲೆ ನಿಂತಿರುವುದರಿಂದ, ಅದನ್ನು ಬರೆದಿಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸಿದ್ದೇನೆ. ಸಭೆಗಳ ಹೆಸರನ್ನು ಮಾತ್ರ ಹೇಳುವುದಿಲ್ಲ.

ಮೊದಲ ತಪ್ಪು ನನ್ನದೇ. ಐದೂ ಕಡೆಗೆ ಒಂದೇ ಪತ್ರ ಹೋಗಬಾರದಿತ್ತು. ಹೊರಗಿನಿಂದ ನೋಡುವವರಿಗೆ ಸಿಸ್ಟರುಗಳೆಲ್ಲ ಒಂದೇ, ಉಡುಪಿನ ಬಣ್ಣವಷ್ಟೇ ಬೇರೆ. ಒಳಗೆ ಹಾಗಿಲ್ಲ. ಮಂಗಳೂರೊಂದನ್ನೇ ತೆಗೆದುಕೊಂಡರೂ, 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ ಮದರ್ ವೆರೋನಿಕಾ ಆರಂಭಿಸಿದ ಅಪೊಸ್ಟಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು 1870ರಲ್ಲಿ ಅಲ್ಲಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಿಂತರು. ಅದೇ ವರ್ಷ ಹೊರಲೋಕದೊಡನೆ ಸಂಪರ್ಕವಿಲ್ಲದ, ಏಕಾಂತ ಪ್ರಾರ್ಥನೆಗೇ ಮೀಸಲಾದ ಕಾರ್ಮೆಲ್ ಮಠವೂ ಅಲ್ಲಿ ಸ್ಥಾಪನೆಯಾಯಿತು. ಪ್ಯಾಲೆಸ್ತೀನಿನಲ್ಲಿ ಹುಟ್ಟಿ, 1871ರಲ್ಲಿ ಈ ಮಠದಲ್ಲೇ ವ್ರತ ಸ್ವೀಕರಿಸಿ, ಮರುವರ್ಷ ಫ್ರಾನ್ಸಿಗೆ ಹಿಂತಿರುಗಿದ ಮರಿಯಮ್ ಬವಾರ್ಡಿಯವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ಬೆಥನಿ ಸಭೆಯಾದರೋ 1921ರ ಜುಲೈ 16ರಂದು ಆರ್.ಎಫ್.ಸಿ. ಮಸ್ಕರೇನ್ಹಸ್ ಎಂಬ ಮಂಗಳೂರಿನ ಗುರುಗಳೇ (ಪಾದ್ರಿಗಳೇ) ಸ್ಥಾಪಿಸಿದ ಊರಿನ ಸಭೆ. ಇವುಗಳಲ್ಲಿ ಮೊದಲ ಎರಡರ ಹೆಸರಿನಲ್ಲೂ ಕಾರ್ಮೆಲ್ ಇದೆ. ಒಂದರಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತರಗತಿಯಲ್ಲಿ ಹಾಜರಿ ಕರೆಯುತ್ತಾರೆ, ಇನ್ನೊಂದರಲ್ಲಿ ಜೀವನವಿಡೀ ಮಠದ ಗೋಡೆಯೊಳಗೇ ಇರುತ್ತಾರೆ. ಯಾವ ಸಭೆಯ ವರದಾನ ಏನು, ಅಂದರೆ ಅದು ಯಾವ ಬಗೆಯ ಬದುಕಿಗೆ ಮೀಸಲು ಎಂಬುದನ್ನು ತಿಳಿಯದೆ "ನಿಮ್ಮ ಸಭೆಗೆ ಸೇರುವ ಆಸೆಯಿದೆ" ಎಂದು ಬರೆಯುವುದು, ಹುಡುಗನ ಹೆಸರೂ ಕೇಳದೆ ಮದುವೆಗೆ ಒಪ್ಪಿದಂತೆ.

ಐದರಲ್ಲಿ ಎರಡು ಸಭೆಗಳಿಂದ ಉತ್ತರವೇ ಬರಲಿಲ್ಲ. ಒಂದೂವರೆ ತಿಂಗಳ ನಂತರ ನೆನಪಿಸಿ ಬರೆದೆ, ಆಗಲೂ ಇಲ್ಲ. ಪತ್ರ ವ್ಯವಹಾರ ನೋಡಿಕೊಳ್ಳುವ ಸಿಸ್ಟರಿಗೆ ವರ್ಗವಾಗಿರಬಹುದು, ಪತ್ರ ಯಾವುದೋ ಮೇಜಿನ ಮೇಲೆ ಉಳಿದಿರಬಹುದು. ಕಾರಣ ಏನೇ ಇರಲಿ, ಇಂಥ ಪತ್ರವನ್ನು ಬರೆಯುವವಳು ಅದನ್ನು ಅಂಚೆಗೆ ಹಾಕುವ ಮೊದಲು ಎಷ್ಟು ಸಲ ಹರಿದು ಹಾಕಿರುತ್ತಾಳೆಂಬುದು, ಒಂದು ಕಾಲದಲ್ಲಿ ಹೀಗೆಯೇ ಬರೆದು ಒಳಗೆ ಬಂದವರಿಗೆ ಗೊತ್ತಿರಬೇಕು.

ಮೂರನೆಯ ಸಭೆಯವರು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರು. ತಮ್ಮಲ್ಲಿ 25 ವರ್ಷ ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ, ವಯಸ್ಸಿನ ಮಿತಿ ಸಡಿಲವಾಗಿರುವ ಬೇರೊಂದು ಸಭೆಯನ್ನು ವಿಚಾರಿಸಿ, ನಿಮಗಾಗಿ ಪ್ರಾರ್ಥಿಸುತ್ತೇವೆ ಎಂದಿತ್ತು. ಇಲ್ಲವೆಂಬುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದಕ್ಕೆ ಅವರಿಗೆ ಋಣಿ.

ನಾಲ್ಕನೆಯದು ಅತಿ ವೇಗದ್ದು. ಪತ್ರ ತಲುಪಿದ ದಿನವೇ ಅವರ ವೊಕೇಶನ್ ಪ್ರಮೋಟರ್, ಅಂದರೆ ಹೊಸಬರನ್ನು ಸಭೆಗೆ ಕರೆತರುವ ಹೊಣೆಯ ಸಿಸ್ಟರ್, ವಾಟ್ಸಾಪಿನಲ್ಲಿ ಮಾತಿಗಿಳಿದರು. ಮೊದಲು ಗುಲಾಬಿ ಹೂವಿನ ಚಿತ್ರದೊಂದಿಗೆ ಶುಭೋದಯ, ಆಮೇಲೆ ನಗುತ್ತಿರುವ ಹುಡುಗಿಯರ ಫೋಟೋಗಳು, ಮೂರನೆಯ ಸಂದೇಶದಲ್ಲೇ "ಜೂನ್ ಬ್ಯಾಚಿಗೆ ಬರ್ತೀಯಾ ಮಗಳೇ? ಜ್ಞಾನಸ್ನಾನದ ಸರ್ಟಿಫಿಕೇಟ್ ಕಳಿಸು." ಅಮ್ಮನ ಹೆಸರಿನ ಮನೆಸಾಲವನ್ನು ನಾನು ಕಟ್ಟುತ್ತಿದ್ದೇನೆ ಎಂದಾಗ "ಅದೆಲ್ಲ ದೇವರು ನೋಡ್ಕೋತಾರೆ" ಎಂದರು. ದೇವರು ನೋಡಿಕೊಳ್ಳಲಿ. ಆದರೆ 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯೇ, ತೀರಿಸಲಾಗದ ಸಾಲವಿರುವವರನ್ನು ನೊವಿಷಿಯೇಟಿಗೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ತೆಗೆದುಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅಭ್ಯರ್ಥಿಯ ಆರೋಗ್ಯ, ಸ್ವಭಾವ, ಮನಸ್ಸಿನ ಪಕ್ವತೆಗಳನ್ನು ಪರಿಶೀಲಿಸಿಯೇ ಸೇರಿಸಿಕೊಳ್ಳಬೇಕೆಂದೂ ಹೇಳುತ್ತದೆ. ಈ ಸಿಸ್ಟರ್ ಕೆಟ್ಟವರಲ್ಲ. ಸೇರುವವರ ಸಂಖ್ಯೆ ಇಳಿಯುತ್ತಿರುವ ಆತಂಕ ಅವರ ಒಂದೊಂದು ಸಂದೇಶದಲ್ಲೂ ಕಾಣುತ್ತಿತ್ತು. ಆದರೆ ಆ ಆತಂಕದ ಭಾರವನ್ನು ವಿಚಾರಿಸಲು ಬಂದವಳ ತಲೆಗೆ ಹೊರಿಸುವುದು ಸರಿಯಲ್ಲ. ಮೂರು ವಾರ ಪ್ರತಿದಿನ ಗುಲಾಬಿ ಬಂತು. ಕೊನೆಗೆ ಕ್ಷಮೆ ಕೇಳಿ ನಿಲ್ಲಿಸಿದೆ.

ಐದನೆಯ ಸಭೆಯ ಉತ್ತರ ಹತ್ತೊಂಬತ್ತು ದಿನಗಳ ನಂತರ ಅಂಚೆಯಲ್ಲಿ ಬಂತು. ಗೆರೆಯ ಹಾಳೆಯ ಎರಡೂ ಮಗ್ಗುಲಲ್ಲಿ, ನೀಲಿ ಶಾಯಿಯಲ್ಲಿ, ದುಂಡನೆಯ ಶಾಲಾ ಕನ್ನಡದ ಬರಹ. ಸೇರುವ ಮಾತೇ ಅದರಲ್ಲಿರಲಿಲ್ಲ. ಆರು ಪ್ರಶ್ನೆಗಳಿದ್ದವು. ಭಾನುವಾರ ಬಿಟ್ಟು ವಾರದಲ್ಲಿ ಬೇರೆ ಯಾವ ದಿನ ಬಲಿಪೂಜೆಗೆ (ಚರ್ಚಿನ ಪೂಜೆಗೆ) ಹೋಗುತ್ತೀರಿ? ಪಾಪನಿವೇದನೆಗೆ ಒಬ್ಬರೇ ಗುರುಗಳ ಬಳಿ ಹೋಗುತ್ತೀರಾ, ಅವರಿಗೆ ಈ ವಿಷಯ ಗೊತ್ತೇ? ರಾತ್ರಿ ನಿದ್ದೆ ಹೇಗೆ? ನಿಮ್ಮ ಸಂಬಳವನ್ನು ನಂಬಿಕೊಂಡವರು ಯಾರು? ಕಡೆಯ ಸಲ ಯಾರೊಂದಿಗೆ ಜಗಳವಾಡಿದಿರಿ, ರಾಜಿಯಾದದ್ದು ಹೇಗೆ? ಆರನೆಯದು: ಈ ಪತ್ರವನ್ನು ಇನ್ನೂ ಎಷ್ಟು ಸಭೆಗಳಿಗೆ ಬರೆದಿದ್ದೀರಿ, ನಮಗೇ ಬರೆಯಲು ಕಾರಣವೇನು? ಸಿಕ್ಕಿಬಿದ್ದ ಕಳ್ಳಿಯಂತೆ ಕುಳಿತೆ. ನಿಜವನ್ನೇ ಬರೆದೆ. "ಐದಕ್ಕೆ ಬರೆದದ್ದು ತಪ್ಪಲ್ಲ, ಐದಕ್ಕೂ ಒಂದೇ ಬರೆದದ್ದು ಸೋಮಾರಿತನ" ಎಂಬ ಉತ್ತರ ಬಂತು. ಈ ಒಂದು ವಾಕ್ಯಕ್ಕಾಗಿಯೇ ಆ ಸಭೆಗೆ ನನ್ನಿಂದ ಪೂರ್ಣ ಅಂಕ. ಹಾಗೆಯೇ, ನನ್ನ ಕನ್ನಡಕ್ಕೆ ಕನ್ನಡದಲ್ಲಿಯೇ ಬಂದ ಪೂರ್ಣ ಪತ್ರ ಇದೊಂದೇ. ಮೈಸೂರು, ಚಿಕ್ಕಮಗಳೂರು ಕಡೆಯ ಕನ್ನಡದ ಮನೆಗಳಿಂದ ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ನಾಲ್ಕು ತಿಂಗಳ ಪತ್ರ ವ್ಯವಹಾರದ ನಂತರ ಜನವರಿಯಲ್ಲಿ ಮೂರು ದಿನ "ಬಂದು ನೋಡಿರಿ" ಶಿಬಿರಕ್ಕೆ ಕರೆದರು. ಬೈಬಲಿನ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ಎಲ್ಲಿ ವಾಸವಾಗಿದ್ದೀರೆಂದು ಕೇಳಿದ ಇಬ್ಬರು ಶಿಷ್ಯರಿಗೆ ಯೇಸು ಕೊಟ್ಟ ಉತ್ತರವೇ ಈ ಹೆಸರು. ನಾವು ಏಳು ಮಂದಿ, ನನ್ನನ್ನು ಬಿಟ್ಟರೆ ಉಳಿದವರೆಲ್ಲ ಪಿಯುಸಿಯ ಹುಡುಗಿಯರು. ಐದು ಗಂಟೆಗೆ ಗಂಟೆ ಬಾರಿಸುತ್ತಿತ್ತು. ಬೆಳಗಿನ ಪ್ರಾರ್ಥನೆಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಬಿರುಸಾಗಿ ಓದುತ್ತಿದ್ದರೆಂದರೆ, ಪುಟ ಹುಡುಕುವಷ್ಟರಲ್ಲಿ ಆಮೆನ್ ಬರುತ್ತಿತ್ತು. ಕನ್ನಡದಲ್ಲಿ ಅಷ್ಟು ಚೆಂದ ಪತ್ರ ಬರೆಯುವ ಮನೆಯಲ್ಲಿ ಇದು ಬೇಸರ ತರಿಸಿತು. ಸ್ಥಾಪಕಿಯ ಜೀವನ ಕುರಿತು ಪ್ರೊಜೆಕ್ಟರ್ ಹಾಕಿ ಎರಡು ಗಂಟೆ ಮಾತಾಡಿದ್ದು ಉದ್ದವಾಯಿತು. ಫೋನನ್ನು ಕಚೇರಿಯಲ್ಲಿ ಇಡಬೇಕೆಂಬ ನಿಯಮ ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಿಯಮಕ್ಕೆ ಆಕ್ಷೇಪವಿಲ್ಲ, ಮೊದಲೇ ತಿಳಿಸಿದ್ದರೆ ಅಮ್ಮ ಆ ರಾತ್ರಿ ಗಾಬರಿಯಾಗುತ್ತಿರಲಿಲ್ಲ. ಎರಡನೆಯ ದಿನ ಪ್ರತಿಗಂಟೆಗೂ ಒಂದೊಂದು ಕಾರ್ಯಕ್ರಮ ಇಟ್ಟಿದ್ದರು. ಒಬ್ಬಳೇ ಪ್ರಾರ್ಥನಾ ಮಂದಿರದಲ್ಲಿ ಕುಳಿತುಕೊಳ್ಳಲು ಸಿಕ್ಕಿದ್ದು ಇಪ್ಪತ್ತು ನಿಮಿಷ.

ಆ ಮೂರು ದಿನಗಳಲ್ಲಿ ನನಗೆ ನಿಜವಾಗಿ ದಕ್ಕಿದ್ದು ಅಡುಗೆಮನೆಯ ಹಿಂದಿನ ಜಗುಲಿಯಲ್ಲಿ. ಅವರೆಕಾಯಿಯ ಕಾಲವಾದ್ದರಿಂದ ಎಪ್ಪತ್ತು ದಾಟಿದ ಸಿಸ್ಟರೊಬ್ಬರು ಮೊರದಲ್ಲಿ ಕಾಯಿ ಸುರಿದುಕೊಂಡು ಬಿಡಿಸುತ್ತಿದ್ದರು, ನಾನೂ ಹೋಗಿ ಕುಳಿತೆ. ಸೊಗಡಿಗೆ ಕೈಯೆಲ್ಲ ಅಂಟಾಯಿತು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ತಲೆಯೆತ್ತದೆಯೇ "ಬ್ಯಾಂಕಲ್ಲಿ ಯಾರ ಜೊತೆಗಾದ್ರೂ ಆಗಿಬರಲ್ವಾ ಮಗಳೇ?" ಎಂದು ಕೇಳಿದರು. ಮ್ಯಾನೇಜರ್ ವಿಷಯ ಹೇಳಿದೆ. "ಅಂಥೋರು ಇಲ್ಲೂ ಇಬ್ರಿದಾರೆ, ನಲವತ್ತು ವರ್ಷದಿಂದ ನೋಡ್ತಿದೀನಿ" ಎಂದು ಹುಳುಕು ಕಾಯೊಂದನ್ನು ಪಕ್ಕಕ್ಕೆ ಎಸೆದರು. ಪ್ರೊಜೆಕ್ಟರಿನಲ್ಲಿ ತೋರಿಸದ ಸಮುದಾಯ ಜೀವನ ಇದು.

ಮುಂದಿನ ಹಂತಗಳ ವಿವರಣೆ ಚೊಕ್ಕವಾಗಿತ್ತು. ಅಭ್ಯರ್ಥಿಯಾಗಿ ಕೆಲಕಾಲ, ಆಮೇಲೆ ಪೋಸ್ಟುಲೆನ್ಸಿ ಎಂಬ ಪೂರ್ವಸಿದ್ಧತೆಯ ಹಂತ, ಬಳಿಕ ಕನಿಷ್ಠ ಹನ್ನೆರಡು ತಿಂಗಳ ನೊವಿಷಿಯೇಟ್. ಅದಕ್ಕೆ 17 ತುಂಬಿರಲೇಬೇಕು. ನಂತರ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ತಾತ್ಕಾಲಿಕ ವ್ರತಗಳು ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತರವರೆಗೆ. ಆಮೇಲಷ್ಟೇ ಜೀವನಪೂರ್ತಿಯ ನಿತ್ಯವ್ರತ. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಯಾರೂ ಹೊರಟು ಬರಬಹುದು ಎಂಬುದನ್ನು ಕೇಳದೆಯೇ ಹೇಳಿದರು. ಏಕಾಂತ ಮಠಗಳ ದಾರಿ ಇನ್ನೂ ಉದ್ದ: ರೋಮಿನ 2018ರ ಸೂಚನೆಯ ಪ್ರಕಾರ ಅಲ್ಲಿ ಆರಂಭದ ತರಬೇತಿಯೇ ಒಂಬತ್ತು ವರ್ಷಕ್ಕೆ ಕಡಿಮೆಯಾಗುವಂತಿಲ್ಲ. ಕೆಲಸ ಬಿಟ್ಟು ಬಂದು ಹತ್ತು ವರ್ಷದ ನಂತರ ಹೊರಟರೆ ಕೈಯಲ್ಲಿ ಏನಿರುತ್ತದೆ ಎಂದು ನಾನೇ ಕೇಳಿದೆ. ಪಕ್ಕದ ಹುಡುಗಿ ನನ್ನನ್ನು ಮಿಕಮಿಕ ನೋಡಿದಳು. ವಿವರಿಸುತ್ತಿದ್ದ ಸಿಸ್ಟರ್ ಮುಜುಗರಪಡಲಿಲ್ಲ. ಮಾಡಿದ ಸೇವೆಗೆ ಪ್ರತಿಫಲ ಕೇಳುವ ಹಕ್ಕು ಇರುವುದಿಲ್ಲ, ಆದರೆ ಹೊರಡುವವರನ್ನು ನ್ಯಾಯದಿಂದಲೂ ಕ್ರಿಸ್ತೀಯ ಪ್ರೀತಿಯಿಂದಲೂ ಕಾಣಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ ಎಂದು ಉತ್ತರಿಸಿ, ತಮ್ಮ ಮನೆಯಲ್ಲಿ ಅದನ್ನು ಹೇಗೆ ನಡೆಸಿದ್ದಾರೆಂಬುದನ್ನೂ ತಿಳಿಸಿದರು. ನೀವು ಯಾವ ಸಭೆಗೆ ಹೋದರೂ ಈ ಪ್ರಶ್ನೆಯನ್ನು ಕೇಳಿ, ಉತ್ತರ ಕೊಡುವಾಗ ಅವರ ಮುಖವನ್ನೂ ನೋಡಿ.

ಶುಲ್ಕವೆಂದು ಏನೂ ಪಡೆಯಲಿಲ್ಲ. ಲಕೋಟೆಯಲ್ಲಿಟ್ಟು ಬಂದಿದ್ದ ಐನೂರು ರೂಪಾಯಿಯನ್ನು ಮುಂದಿನ ಪತ್ರದೊಂದಿಗೆ ಹಿಂದಿರುಗಿಸಿ, ಬಸ್ಸಿಗೆ ಇಟ್ಟುಕೊಳ್ಳಿ ಎಂದು ಬರೆದಿದ್ದರು. ಮೇ ತಿಂಗಳಲ್ಲಿ ಹತ್ತು ದಿನ ಬಂದಿರಲು ಹೇಳಿದ್ದಾರೆ, ರಜೆಯ ಅರ್ಜಿ ಮ್ಯಾನೇಜರ ಮೇಜಿನ ಮೇಲಿದೆ. ಕೊನೆಯ ದಿನ ಅಮ್ಮನನ್ನೂ ಕರೆಸಿಕೊಳ್ಳಿ, ಅವರ ಪ್ರಶ್ನೆಗಳು ನಿಮ್ಮವಕ್ಕಿಂತ ಕಠಿಣವಾಗಿರುತ್ತವೆ ಎಂದು ಪತ್ರ ಬರೆಯುವ ಸಿಸ್ಟರ್ ಸೇರಿಸಿದ್ದಾರೆ. ಅಮ್ಮ ಇನ್ನೂ ಹೂಂ ಎಂದಿಲ್ಲ, ಆದರೆ ಮೊನ್ನೆ ಅಲ್ಲಿಗೆ ಬಸ್ಸು ಎಷ್ಟು ಗಂಟೆಗಿದೆ ಎಂದು ತಂಗಿಯನ್ನು ಕೇಳಿದರಂತೆ.